ಯಂತ್ರಲೋಕ: ನಕಲಿನೊಳಗಣ ಗ್ರಂಥಪಾತ

ತಾಳೆಯೋಲೆಯ ಪ್ರತಿಯಲ್ಲಿ ಹುಳು ತಿಂದ ಎಡೆಗೆ ಬಂದಾಗ ಬಲ್ಲ ಲಿಪಿಕಾರನು ಅಷ್ಟು ಸ್ಥಳವನ್ನು ಬರಿದೇ ಬಿಟ್ಟು ಮುಂದುವರಿಯುತ್ತಿದ್ದನು. ಗ್ರಂಥಸಂಪಾದಕರು ಅಂಥಲ್ಲಿ ‘ಗ್ರಂಥಪಾತ’ ಎಂದು ಗುರುತು ಹಾಕುತ್ತಾರೆ. ಏನು ಹೋಯಿತೆಂದು ಓದುವವನಿಗೆ ತಿಳಿಯದಿದ್ದರೂ ಹೋಗಿದೆಯೆಂಬುದಾದರೂ ತಿಳಿಯುತ್ತದೆ. ಕಂಪ್ಯೂಟರು ತೆಗೆಯುವ ನಕಲಿನಲ್ಲಿ ಈ ಸೌಜನ್ಯವನ್ನು ಯಾವಾಗಲೂ ನಿರೀಕ್ಷಿಸುವಂತಿಲ್ಲ.

ಇಂದು ಸಂಸ್ಥೆಗಳ ಲೆಕ್ಕಪತ್ರಗಳು ಬಹುಮಟ್ಟಿಗೆ ‘ವರ್ಚುಯಲ್ ಮೆಷೀನ್’ ಎಂಬ ಕಾಲ್ಪನಿಕ ಯಂತ್ರಗಳಲ್ಲಿ ನೆಲೆಸಿವೆ. ಒಂದು ವಠಾರದಲ್ಲಿ ಹತ್ತು ಸಂಸಾರಗಳು ಬಾಳುವಂತೆ ಒಂದೇ ನಿಜವಾದ ಕಂಪ್ಯೂಟರಿನೊಳಗೆ ಹತ್ತಾರು ಯಂತ್ರಗಳು, ತಮಗೆ ತಾವೇ ಒಡೆಯರೆಂದು ಭಾವಿಸಿ, ಬೇರೆ ಬೇರೆಯಾಗಿ ದುಡಿಯುತ್ತವೆ. ವಠಾರದ ಯಜಮಾನನ ಕಣ್ಣಿಗೆ ಮಾತ್ರ ಒಂದೊಂದು ಸಂಸಾರವೂ ಕೆಲವು ದೊಡ್ಡ ಕಡತಗಳೇ ಹೊರತು ಬೇರೇನಲ್ಲ. ಆದುದರಿಂದ ಇಡೀ ಯಂತ್ರವನ್ನೇ ರಾತ್ರೋರಾತ್ರಿ ನಕಲು ಮಾಡಿ ಬೇರೆಡೆ ಇರಿಸುವುದು ಸಾಧ್ಯವಾಯಿತು. ಇದಕ್ಕೇ ಬ್ಯಾಕಪ್ ಎಂದು ಹೆಸರು.

ಪ್ರತಿರಾತ್ರಿಯೂ ಪೂರ್ಣ ನಕಲು ತೆಗೆಯಲು ಹೊತ್ತು ಸಾಲದು. ಮೊದಲ ದಿನ ಎಲ್ಲವನ್ನೂ, ಆಮೇಲೆ ಬದಲಾದ ಭಾಗಗಳನ್ನು ಮಾತ್ರ ಎತ್ತಿಕೊಳ್ಳುವುದು ರೂಢಿ. ಎಲ್ಲೆಲ್ಲಿ ಬದಲಾಯಿತೆಂದು ಹೇಳಲು ಒಂದು ದಾಖಲೆ ಬೇಕಷ್ಟೆ. ವಿಎಂವೇರ್ ಸಂಸ್ಥೆಯ ತಂತ್ರಾಂಶವು ಈ ದಾಖಲೆಯನ್ನು ತಾನೇ ಇಡುತ್ತಿತ್ತು. 2014ರಲ್ಲಿ ಅದರಲ್ಲೊಂದು ದೋಷ ಹೊರಬಿದ್ದಿತು. ಯಂತ್ರದ ಡಿಸ್ಕನ್ನು ಹಿಗ್ಗಿಸುವಾಗ ಅದು 128 ಗಿಗಾಬೈಟಿನ ಗಡಿಯನ್ನು ದಾಟಿದರೆ ದಾಖಲೆ ತಪ್ಪಾಗುತ್ತಿತ್ತು. 256, 512ರ ಗಡಿಗಳಲ್ಲಿಯೂ ಹಾಗೆಯೇ. ದಾಖಲೆಯನ್ನು ನಂಬಿದ ಬ್ಯಾಕಪ್ ತಂತ್ರಾಂಶವು ಬದಲಾದ ಭಾಗಗಳನ್ನು ಬಿಟ್ಟು, ಬೆಳಗಾಗುತ್ತಲೇ ‘ಯಶಸ್ವಿ’ ಎಂದು ವರದಿ ಒಪ್ಪಿಸುತ್ತಿತ್ತು. ಅದು ಸುಳ್ಳು ಹೇಳಿತೆನ್ನುವಂತಿಲ್ಲ. ಹೇಳಿದಷ್ಟನ್ನು ಅದು ಮಾಡಿಯೇ ಇತ್ತು. ಹಳೆಯ ದಾಖಲೆಯನ್ನು ಮುಚ್ಚಿ ಹೊಸದನ್ನು ತೆರೆದು, ಮತ್ತೊಮ್ಮೆ ಪೂರ್ಣ ನಕಲು ತೆಗೆಯುವುದೇ ಅಂದಿನ ಪರಿಹಾರವಾಗಿತ್ತು.

ಇಂಥ ಗುಪ್ತದೋಷವಿರಲಿ, ದೋಷ ಕಣ್ಣೆದುರಿಗೇ ಇದ್ದರೂ ಕಾಣದಿರುವುದುಂಟು. ಇದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಕಥೆಗಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ತಂತ್ರಾಂಶ ಬರೆಯುವವರು ತಮ್ಮ ಬರವಣಿಗೆಯನ್ನು ಕೂಡಿಡುವ ಭಂಡಾರವದು. ಆಗ ಅದರ ಸೇವೆಯ ಯಂತ್ರಗಳು ಮೈಕ್ರೋಸಾಫ್ಟಿನ ಅಜೂರ್ ಎಂಬ ಬಾಡಿಗೆಯ ವಠಾರದಲ್ಲಿದ್ದವು. 2017ರ ಜನವರಿ 31ರ ರಾತ್ರಿ ಮುಖ್ಯ ದತ್ತಾಂಶಯಂತ್ರದ ಜೊತೆಗೆ ಹೆಜ್ಜೆಹಾಕಬೇಕಾದ ಎರಡನೆಯ ಯಂತ್ರ ಹಿಂದೆ ಬಿದ್ದಿತು. ಅದನ್ನು ಬರಿದುಮಾಡಿ ಮತ್ತೆ ತುಂಬಿಸಲು ದಣಿದಿದ್ದ ಎಂಜಿನಿಯರೊಬ್ಬರು ಅಳಿಸುವ ಆಜ್ಞೆ ಕೊಟ್ಟರು. ಕೊಟ್ಟದ್ದು ಮುಖ್ಯ ಯಂತ್ರಕ್ಕೆ! ಒಂದೆರಡು ಸೆಕೆಂಡುಗಳಲ್ಲಿ ಅರಿವಾಗಿ ತಡೆದರಾದರೂ, ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ ಗಿಗಾಬೈಟು ಮಾತ್ರ.

ಆಗಲೂ ಯಾರೂ ಎದೆಗೆಡಬೇಕಾದ ಕಾರಣವಿರಲಿಲ್ಲ. ಬ್ಯಾಕಪ್ಪಿಗೆಂದು ಒಂದಲ್ಲ, ಹಲವು ಏರ್ಪಾಡುಗಳಿದ್ದವು. ಒಂದೊಂದಾಗಿ ಬಾಗಿಲು ತೆರೆದು ನೋಡತೊಡಗಿದರು. ದಿನವೂ ಅಮೆಜಾನಿನ ಉಗ್ರಾಣಕ್ಕೆ ಹೋಗಬೇಕಾಗಿದ್ದ ನಕಲನ್ನು ಹುಡುಕಿದರೆ ಉಗ್ರಾಣ ಬರಿದು. ದತ್ತಾಂಶಕೋಶವು 9.6ನೆಯ ಆವೃತ್ತಿಯದು, ನಕಲು ತೆಗೆಯುವ ಸಲಕರಣೆಯೋ 9.2ನೆಯದಾಗಿ ಪರಿಣಮಿಸಿ, ದಿನವೂ ತಪ್ಪೆಂದು ನಿಂತುಬಿಡುತ್ತಿತ್ತು. ಹಾಗೆ ನಿಂತಾಗಲೆಲ್ಲ ದೂರಿನ ಇಮೇಲ್ ಹೊರಡುತ್ತಿದ್ದುದೂ ನಿಜ. ಆದರೆ ಆ ಪತ್ರಕ್ಕೆ ಕಳುಹಿಸಿದವರ ಗುರುತಿನ ಮುದ್ರೆ ಸರಿಯಾಗಿರಲಿಲ್ಲವಾಗಿ, ಪಡೆಯಬೇಕಾದ ಅಂಚೆಯೇ ಅದನ್ನು ತಿರಸ್ಕರಿಸುತ್ತಿತ್ತು. ಕಾವಲುಗಾರನು ಕೂಗುತ್ತಲೇ ಇದ್ದನು. ಮನೆಯವರ ಕದ ಮುಚ್ಚಿತ್ತು. ಇನ್ನು ಅಜೂರಿನ ಡಿಸ್ಕುಗಳ ಚಿತ್ರವನ್ನು ಸೆರೆಹಿಡಿಯುವ ವ್ಯವಸ್ಥೆ: ಅದನ್ನು ಕಡತಗಳ ಯಂತ್ರಗಳಿಗೆ ಅಳವಡಿಸಿದ್ದರು, ದತ್ತಾಂಶಯಂತ್ರಗಳಿಗೆ ಅಳವಡಿಸಿರಲಿಲ್ಲ. ಉಳಿದ ಏರ್ಪಾಡುಗಳು ಇದ್ದರೂ ಬೇಕಾದುದು ಅವುಗಳಲ್ಲಿ ಇರಲಿಲ್ಲ.

ಕೊನೆಗೆ ಕೈಹಿಡಿದದ್ದು ಅಕಸ್ಮಾತ್ತು. ಅದೇ ದಿನ, ಸುಮಾರು ಆರು ಗಂಟೆಗಳ ಮೊದಲು, ಬೇರೊಂದು ಪ್ರಯೋಗಕ್ಕಾಗಿ ಅದೇ ಎಂಜಿನಿಯರು ಕೈಯಾರೆ ಒಂದು ನಕಲನ್ನು ತೆಗೆದು ಪರೀಕ್ಷಾಯಂತ್ರದಲ್ಲಿ ಇರಿಸಿದ್ದರು. ಬ್ಯಾಕಪ್ ಎಂಬ ಹೆಸರೇ ಇಲ್ಲದ ಆ ಪ್ರತಿಯೊಂದೇ ಉಪಯೋಗಕ್ಕೆ ಬಂದುದು. ಪರೀಕ್ಷಾಯಂತ್ರದ ಡಿಸ್ಕುಗಳು ಅಗ್ಗದವೂ ನಿಧಾನವಾದವೂ ಆಗಿದ್ದುದರಿಂದ ಪ್ರತಿಯನ್ನು ಸಾಗಿಸುವುದಕ್ಕೇ ಗಂಟೆಗಟ್ಟಲೆ ಹಿಡಿಯಿತು. ಸಂಸ್ಥೆಯು ತನ್ನ ಪಾಡನ್ನು ಮುಚ್ಚಿಡಲಿಲ್ಲ. ದುರಸ್ತಿಯ ಟಿಪ್ಪಣಿಗಳನ್ನು ಎಲ್ಲರಿಗೂ ತೆರೆದಿಟ್ಟು, ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ಇಂಥ ಧೈರ್ಯ ಎಲ್ಲರಿಗೂ ಬರುವಂಥದಲ್ಲ. ಮರುದಿನ ಸೇವೆ ಮರಳಿತು. ಬರವಣಿಗೆಯ ಭಂಡಾರ ಬೇರೆಡೆ ಇದ್ದುದರಿಂದ ಅದಕ್ಕೆ ಊನವಾಗಲಿಲ್ಲ. ಆದರೆ ನಡುವಣ ಆರು ಗಂಟೆಗಳ ದಾಖಲೆ ಅಳಿಯಿತು: ಸಂಸ್ಥೆಯ ಅಂದಾಜಿನಂತೆ 5,000 ಯೋಜನೆಗಳ ವಿವರ, 5,000 ಅಭಿಪ್ರಾಯಗಳು, 700 ಹೊಸ ಬಳಕೆದಾರರ ಖಾತೆಗಳು.

ಬ್ಯಾಕಪ್ಪನ್ನು ಆಗಾಗ ಏಕೆ ಪರೀಕ್ಷಿಸಲಿಲ್ಲವೆಂಬ ಪ್ರಶ್ನೆಗೆ ಸಂಸ್ಥೆಯ ವರದಿ ಕೊಟ್ಟ ಉತ್ತರ ಬಹಳ ಚಿಕ್ಕದು. ಆ ಕೆಲಸವು ಯಾರ ಹೊಣೆಯೂ ಆಗಿರಲಿಲ್ಲ.

ಬಲ್ಲ ತಂತ್ರಜ್ಞರು ‘ಯಶಸ್ವಿ’ ಎಂಬ ವರದಿಯನ್ನು ಬದಿಗಿಟ್ಟು ಮೊದಲು ಕೇಳುವುದು ಗಾತ್ರವನ್ನು: ನಿನ್ನೆಯ ನಕಲಿಗಿಂತ ಇಂದಿನದು ಏಕೆ ಕಿರಿದು? ಎರಡನೆಯದು, ಯಂತ್ರಕ್ಕೆ ಎಷ್ಟು ಡಿಸ್ಕುಗಳಿವೆ, ನಕಲಿನಲ್ಲಿ ಎಷ್ಟು ಬಂದಿವೆ? ‘ಸ್ವತಂತ್ರ’ವೆಂದು ಗುರುತಿಸಿದ ಡಿಸ್ಕು ಚಿತ್ರಸೆರೆಗೆ ಸಿಕ್ಕದೆ ತಪ್ಪಿಸಿಕೊಳ್ಳುತ್ತದೆ. ಮೂರನೆಯದಾಗಿ, ನಕಲು ತೆಗೆಯುವ ಕ್ಷಣದಲ್ಲಿ ದತ್ತಾಂಶಕೋಶವು ಬರೆಯುವುದನ್ನು ನಿಲ್ಲಿಸಿತ್ತೆ, ಇಲ್ಲವೆ ಅರ್ಧವಾಕ್ಯದಲ್ಲಿತ್ತೆ? ಇಷ್ಟಾದ ಮೇಲೆ ನಕಲನ್ನು ಹೊರಜಗತ್ತಿನ ಸಂಪರ್ಕವಿಲ್ಲದ ಬೇರೊಂದು ಯಂತ್ರದಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ; ಒಳಹೊಕ್ಕು, ಹಿಂದಿನ ದಿನದ ಕಟ್ಟಕಡೆಯ ನಮೂದನ್ನು ಹುಡುಕಿ ಓದುತ್ತಾರೆ.