ನಂಜನ್ನು ಕೊರಳಲ್ಲೇ ತಡೆಯುವ ರಸಾಯನ

ನಂಜನಗೂಡಿಗೂ ಔಷಧಕ್ಕೂ ಇರುವ ನಂಟು ಹಳೆಯದು. ಲೋಕವನ್ನುಳಿಸಲೆಂದು ವಿಷವನ್ನುಂಡ ದೇವರು ಇಲ್ಲಿ ನಂಜುಂಡೇಶ್ವರನಾಗಿ ನೆಲೆಸಿದ್ದಾನೆ. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ಈ ಸ್ವಾಮಿಯ ಸೇವೆಯಿಂದ ವಾಸಿಯಾಯಿತೆಂದೂ, ಸುಲ್ತಾನನು ಅಂದಿನಿಂದ ಇವನನ್ನು 'ಹಕೀಂ ನಂಜುಂಡ'ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಹೇಳುವುದುಂಟು. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಕನ್ನಡನಾಡಿನ ಎಷ್ಟೋ ಮನೆಗಳ ಬೆಳಗಿನ ಸಂಗಾತಿಯಾಯಿತು. ಇಂದು ಊರಿನ ಕೈಗಾರಿಕಾ ಪ್ರದೇಶದಲ್ಲಿ ಮಾತ್ರೆಗಳಿಗೆ ಬೇಕಾದ ಮೂಲ ಔಷಧಗಳನ್ನು ತಯಾರಿಸುವ ಕಾರ್ಖಾನೆಯೂ ಇದೆ.

ಹಳೆಯ ಔಷಧಕ್ಕೂ ಹೊಸ ಔಷಧಕ್ಕೂ ಸಮಾನವಾದ ಒಂದು ವಸ್ತುವುಂಟು. ಅದೇ ಪಾತ್ರೆ. ವೈದ್ಯರು ಲೇಹ್ಯವನ್ನು ಕೊಪ್ಪರಿಗೆಯಲ್ಲಿ ಕಾಯಿಸಿದರು. ಕಾಲೇಜಿನ ವಿದ್ಯಾರ್ಥಿ ದುಂಡುತಳದ ಗಾಜಿನ ಫ್ಲಾಸ್ಕಿನಲ್ಲಿ ಕಾಯಿಸುತ್ತಾನೆ. ಲೋಕದ ಔಷಧ ಕಾರ್ಖಾನೆಗಳಲ್ಲಿ ಬಹುಪಾಲು ಸಾವಿರಾರು ಲೀಟರು ಹಿಡಿಯುವ ಉಕ್ಕಿನ ಪಾತ್ರೆಗಳಲ್ಲಿ ಕಾಯಿಸುತ್ತವೆ. ಬೇಕಾದುದನ್ನೆಲ್ಲ ಒಟ್ಟಿಗೆ ಸುರಿದು, ಕಲಕಿ, ಕಾಯಿಸಿ, ಆರಿಸಿ, ಖಾಲಿ ಮಾಡಿ, ತೊಳೆದು ಮತ್ತೆ ತುಂಬುವ ಈ ಕ್ರಮ ರಸಾಯನಶಾಸ್ತ್ರದಷ್ಟೇ ಹಳೆಯದು. ಆದರೆ ಪಾತ್ರೆಯನ್ನೇ ಬಿಟ್ಟು, ದ್ರವವು ಸಣ್ಣ ನಳಿಕೆಯೊಳಗೆ ಹರಿಯುತ್ತಿರುವಾಗಲೇ ಅದನ್ನು ಔಷಧವಾಗಿ ಮಾರ್ಪಡಿಸಲಾಗದೆ? ಆಗುತ್ತದೆ ಎಂದು ತೋರಿಸಿಕೊಟ್ಟಿರುವ ವಿದ್ಯೆಗೆ 'ಫ್ಲೋ ಕೆಮಿಸ್ಟ್ರಿ', ಎಂದರೆ ಹರಿವಿನ ರಸಾಯನ, ಎಂದು ಹೆಸರು.

ಒಂಟಿಕಾಲಿನ ಪೀಠ

ಮದುವೆಮನೆಯಲ್ಲಿ ನೂರಾರು ಎಲೆಗೆ ಹುಳಿ ಕುದಿಸುವ ಅಡಿಗೆಯವರಿಗೆ ಕೊಪ್ಪರಿಗೆಯ ಗುಣ ಚೆನ್ನಾಗಿ ಗೊತ್ತು. ಮೇಲೆ ಕುದಿ ಬರುವುದರೊಳಗೆ ತಳ ಹತ್ತುತ್ತದೆ. ಸೌಟಾಡಿಸುವ ಕೈ ನಿಲ್ಲುವಂತಿಲ್ಲ. ಒಲೆಯನ್ನು ಆರಿಸಿದರೂ ಒಳಗಿನ ಕಾವು ಬಹಳ ಹೊತ್ತು ಇಳಿಯದು. ಮನೆಯ ಸಣ್ಣ ಪಾತ್ರೆಗೆ ಈ ತೊಡಕಿಲ್ಲ. ಪಾತ್ರೆ ದೊಡ್ಡದಾದಂತೆ ಒಳಗಿನ ದ್ರವ ಹೆಚ್ಚುತ್ತದೆ. ಕಾವನ್ನು ಹೊರಕ್ಕೆ ಸಾಗಿಸಬೇಕಾದ ಗೋಡೆ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಹುಳಿಯಾದರೆ ತಳ ಹಿಡಿದು ಕೆಡುತ್ತದೆ, ಅಷ್ಟೆ. ತಾನಾಗಿಯೇ ಕಾವನ್ನು ಹೊರಡಿಸುವ ರಾಸಾಯನಿಕ ಕ್ರಿಯೆಯ ಮಾತೇ ಬೇರೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆಂಬುದು ರಸಾಯನಶಾಸ್ತ್ರಜ್ಞರ ಸ್ಥೂಲವಾದ ಲೆಕ್ಕ. ವೇಗ ಹೆಚ್ಚಿದರೆ ಇನ್ನಷ್ಟು ಕಾವು; ಕಾವು ಹೆಚ್ಚಿದರೆ ಇನ್ನಷ್ಟು ವೇಗ. ಹೀಗೆ ಒಂದನ್ನೊಂದು ಬೆಳೆಸುತ್ತ ಹೋಗಿ ಕಡೆಗೆ ಪಾತ್ರೆಯೇ ಸಿಡಿಯುವುದುಂಟು.

1864ರ ಸೆಪ್ಟೆಂಬರ್ 3ರಂದು ಸ್ಟಾಕ್‌ಹೋಮಿನ ಹೆಲೆನೆಬೋರ್ಗಿನಲ್ಲಿ ನೈಟ್ರೊಗ್ಲಿಸರಿನ್ ಸಿಡಿದು ಆಲ್‌ಫ್ರೆಡ್ ನೊಬೆಲನ ತಮ್ಮ ಎಮಿಲನೂ ಇನ್ನು ಕೆಲವರೂ ಮಡಿದರು. ಮುಂದೆ ಸ್ಕಾಟ್ಲೆಂಡಿನ ಆರ್ಡೀರಿನಲ್ಲಿ ನೊಬೆಲನು ಕಟ್ಟಿದ ಕಾರ್ಖಾನೆಯಲ್ಲಿ, ಆ ದ್ರವ ತಯಾರಾಗುವಾಗ ಉಷ್ಣಮಾಪಕವನ್ನು ನೋಡುತ್ತ ಕೂರುವ ಕೆಲಸಗಾರನಿಗೆ ಒಂದೇ ಕಾಲಿನ ಪೀಠವನ್ನು ಕೊಡುತ್ತಿದ್ದರು. ತೂಕಡಿಸಿದರೆ ಬೀಳಬೇಕು, ಬಿದ್ದರೆ ಎಚ್ಚರವಾಗಬೇಕು! ಕೇಳಿದರೆ ನಗು ಬರುತ್ತದೆ. ಆದರೆ ಒಂದು ಕಾರ್ಖಾನೆಯ ಕ್ಷೇಮವೆಲ್ಲ ಒಬ್ಬ ಬಡಪಾಯಿಯ ನಿದ್ದೆಯನ್ನು ಅವಲಂಬಿಸಿತ್ತೆಂಬುದನ್ನು ನೆನೆದರೆ ಆ ನಗು ಉಳಿಯುವುದಿಲ್ಲ.

ನಮ್ಮ ದೇಶ ಮರೆಯಲಾರದ ನಿದರ್ಶನ ಭೋಪಾಲದ್ದು. 1984ರ ಡಿಸೆಂಬರ್ 2–3ರ ನಡುರಾತ್ರಿ ಅಲ್ಲಿನ ಕೀಟನಾಶಕ ಕಾರ್ಖಾನೆಯ ತೊಟ್ಟಿಯಿಂದ ಹೊರಬಿದ್ದ ಸುಮಾರು 40 ಟನ್ನು ಮೀಥೈಲ್ ಐಸೊಸಯನೇಟ್ ಸಾವಿರಾರು ಜನರ ಪ್ರಾಣ ತೆಗೆಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ವಿಷವು ಕಾರ್ಖಾನೆಯ ಕೊನೆಯ ಸರಕಾಗಿರಲಿಲ್ಲ; ಕೀಟನಾಶಕವನ್ನು ಮಾಡುವ ದಾರಿಯ ನಡುವೆ ಬೇಕಾಗುತ್ತಿದ್ದ ಪದಾರ್ಥ. ಹುಟ್ಟಿದಷ್ಟನ್ನು ಹುಟ್ಟಿದೆಡೆಯಲ್ಲಿಯೇ ಖರ್ಚು ಮಾಡುವ ಏರ್ಪಾಡಿದ್ದಿದ್ದರೆ, ಅಷ್ಟೊಂದು ಟನ್ನು ಒಂದೆಡೆ ಕೂಡುತ್ತಲೇ ಇರಲಿಲ್ಲ. ಹರಿವಿನ ರಸಾಯನದ ಮುಖ್ಯ ತತ್ತ್ವವೇ ಇದು: ಅಪಾಯವನ್ನು ಕೂಡಿಡಬೇಡ.

ನರಸೀಪುರದ ಸಂಗಮ

ಈ ಉಪಕರಣದ ರಚನೆಯನ್ನು ತಿಳಿಯಬಯಸುವವರು ನಂಜನಗೂಡಿನಿಂದ ಕಪಿಲೆಯ ಜೊತೆಯಲ್ಲಿಯೇ ಕೆಳಕ್ಕೆ ಸಾಗಿ ತಿರುಮಕೂಡಲು ನರಸೀಪುರವನ್ನು ಮುಟ್ಟಬೇಕು. ಅಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಕಾಣುವ ಈ ಎರಡು ಹೊಳೆಗಳ ಜೊತೆಗೆ ಕಾಣದ ಸ್ಫಟಿಕ ಸರೋವರವೂ ಸೇರಿ ಇದು ತ್ರಿವೇಣಿಯಾಗಿದೆಯೆಂಬುದು ಭಕ್ತರ ನಂಬಿಕೆ. 1989ರಲ್ಲಿ ಆರಂಭವಾದ ಕುಂಭಮೇಳಕ್ಕೆ ಬಂದು ಮಿಂದವರಿಗೆಲ್ಲ ಆ ಸ್ಥಳದ ಪರಿಚಯವುಂಟು.

ಪ್ರಯೋಗಶಾಲೆಯ ಮೇಜಿನ ಮೇಲೆ ಇದೇ ಸಂಗಮವನ್ನು ಬೆರಳುದ್ದದಲ್ಲಿ ಕಟ್ಟಿರುತ್ತಾರೆ. ಎರಡು ಸೀಸೆಗಳಲ್ಲಿ ಎರಡು ದ್ರಾವಣ. ಒಂದೊಂದಕ್ಕೂ ಒಂದೊಂದು ಪಂಪು. ನಿಮಿಷಕ್ಕೆ ಇಷ್ಟೇ ಮಿಲಿಲೀಟರು ಎಂದು ಗೊತ್ತುಮಾಡಿದರೆ ಅದು ಅಷ್ಟನ್ನೇ ತಳ್ಳುತ್ತದೆ. ಎರಡು ನಳಿಕೆಗಳೂ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಒಂದು ಜೋಡಣೆಯಲ್ಲಿ ಕೂಡುತ್ತವೆ. ಊರಿನ ಹೆಸರಿನ ಮುಂದಿನ 'ಟಿ'ಗೂ ಇದಕ್ಕೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ! ಮುಂದಕ್ಕೆ ಹರಿಯುವುದು ಮೂರನೆಯ ಹೊಳೆ. ಅದರಲ್ಲಿ ಮೊದಲಿನ ಎರಡು ಪದಾರ್ಥಗಳು ಕಳೆಯುತ್ತ ಹೋಗಿ, ಅಲ್ಲಿಯವರೆಗೆ ಇಲ್ಲದಿದ್ದ ಹೊಸ ಪದಾರ್ಥವೊಂದು ಹುಟ್ಟುತ್ತಿರುತ್ತದೆ.

ದೊಡ್ಡ ನದಿಗಳು ಕೂಡಿದಾಗ ನೀರು ಒಡನೆಯೇ ಬೆರೆಯುವುದಿಲ್ಲ. ಎರಡೂ ಸ್ವಲ್ಪ ದೂರ ಪಕ್ಕಪಕ್ಕದಲ್ಲಿಯೇ ಹರಿಯುತ್ತವೆ. ಸಣ್ಣ ನಳಿಕೆಯಲ್ಲಿಯೂ ದ್ರವಗಳು ಮೊದಲು ಹಾಗೆಯೇ ಹರಿಯುತ್ತವೆ. ಆದರೆ ಅಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಬೇಕಾದ ದೂರ ಒಂದು ಮಿಲಿಮೀಟರಿಗೂ ಕಡಿಮೆ. ನಳಿಕೆಯನ್ನು ಅಂಕುಡೊಂಕಾಗಿಸಿದರೆ ಬೆರಕೆ ಇನ್ನೂ ಬೇಗ ಆಗುತ್ತದೆ.

ಸಂಗಮದ ಮುಂದಿನ ನಳಿಕೆಯನ್ನು ಸುರುಳಿಯಾಗಿ ಸುತ್ತಿ, ಬೇಕಾದ ಉಷ್ಣತೆಯಲ್ಲಿ ಇಟ್ಟಿರುತ್ತಾರೆ. ಅದರ ಲೆಕ್ಕ ಬಹಳ ಸರಳ. ಒಳಗಲ ಒಂದು ಮಿಲಿಮೀಟರು, ಉದ್ದ ಸುಮಾರು 12.7 ಮೀಟರು ಇರುವ ನಳಿಕೆ 10 ಮಿಲಿಲೀಟರು ದ್ರವವನ್ನು ಹಿಡಿಯುತ್ತದೆ. ನಿಮಿಷಕ್ಕೆ ಒಂದು ಮಿಲಿಲೀಟರಿನಂತೆ ತಳ್ಳಿದರೆ ಪ್ರತಿಯೊಂದು ಹನಿಯೂ 10 ನಿಮಿಷ ಒಳಗಿದ್ದು ಹೊರಬರುತ್ತದೆ. ಹಗಲಿರುಳು ಹರಿಸಿದರೆ ದಿನಕ್ಕೆ 1,440 ಮಿಲಿಲೀಟರು ಆಯಿತು. ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಕ್ರಿಯೆ ನಡೆಯುತ್ತಿರುವುದು 10 ಮಿಲಿಲೀಟರಿನಲ್ಲಿ ಮಾತ್ರ. ಏನಾದರೂ ಕೆಟ್ಟರೆ ಕೆಡುವುದು ಅಷ್ಟೇ. ಕಾವಿನ ಮಾತಿಗೆ ಬಂದರೆ, ಒಂದು ಮೀಟರು ಅಗಲದ ಪಾತ್ರೆಯ ಸುತ್ತುಗೋಡೆಗಿಂತ ಈ ನಳಿಕೆಯಲ್ಲಿ ಪ್ರತಿ ಲೀಟರು ದ್ರವಕ್ಕೆ ಸಿಗುವ ಗೋಡೆ ಸಾವಿರ ಪಟ್ಟು ಹೆಚ್ಚು. ಹುಟ್ಟಿದ ಕಾವು ಹುಟ್ಟಿದ ಕ್ಷಣದಲ್ಲಿಯೇ ಹೊರಕ್ಕೆ ಹೋಗುತ್ತದೆ. ಒಂಟಿಕಾಲಿನ ಪೀಠಕ್ಕೆ ಇಲ್ಲಿ ಕೆಲಸವಿಲ್ಲ.

ಕುಕ್ಕರೂ ಕಾಫಿ ಫಿಲ್ಟರೂ

ಸುರುಳಿಯ ತುದಿಯಲ್ಲಿ ಒಂದು ಕವಾಟವಿರುತ್ತದೆ. ಗೊತ್ತುಮಾಡಿದ ಒತ್ತಡ ಬರುವ ತನಕ ಅದು ದ್ರವವನ್ನು ಹೊರಬಿಡುವುದಿಲ್ಲ. ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಮೇಲಿನ ತೂಕವು ಮಾಡುವ ಕೆಲಸವೇ ಇದು. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುವುದರಿಂದ ಬೇಳೆ ಬೇಗ ಬೇಯುವುದಷ್ಟೆ. ಹಾಗೆಯೇ ಈ ಕವಾಟದ ದೆಸೆಯಿಂದ ದ್ರಾವಣವನ್ನು ಅದರ ಕುದಿಬಿಂದುವಿಗಿಂತ ಮೇಲಕ್ಕೆ ಕಾಯಿಸಿ, ಗಂಟೆಗಟ್ಟಲೆ ಹಿಡಿಯುವ ಕೆಲಸವನ್ನು ನಿಮಿಷಗಳಲ್ಲಿ ಮುಗಿಸಬಹುದು.

ಕಾಫಿ ಫಿಲ್ಟರಿಗೂ ಇಲ್ಲಿ ಜೋಡಿಯುಂಟು. ಬಿಸಿನೀರು ಪುಡಿಯ ನಡುವೆ ಇಳಿದು ಡಿಕಾಕ್ಷನ್ನಾಗಿ ಹೊರಬೀಳುತ್ತದೆ; ಪುಡಿ ಮೇಲೆಯೇ ಉಳಿಯುತ್ತದೆ. ಇನ್‌ಸ್ಟಂಟ್ ಕಾಫಿಯ ಉದ್ಯಮವು ಬಿಸಿನೀರನ್ನು ಪುಡಿ ತುಂಬಿದ ಎತ್ತರದ ಕಂಬಗಳ ಸಾಲಿನ ಮೂಲಕ ಹಾಯಿಸಿ ಇದನ್ನೇ ದೊಡ್ಡದಾಗಿ ಮಾಡುತ್ತದೆ. ಅಂಥ ಕಾಫಿಯನ್ನು ತಯಾರಿಸುವ ನೆಸ್ಲೆ ಕಾರ್ಖಾನೆ 1989ರಲ್ಲಿ ನಂಜನಗೂಡಿಗೂ ಬಂದಿತು. ರಸಾಯನಶಾಸ್ತ್ರಜ್ಞರು ಕಾಫಿಪುಡಿಯ ಬದಲು, ಪಲ್ಲೇಡಿಯಮ್ ಲೋಹವನ್ನು ಹಚ್ಚಿದ ಇದ್ದಿಲಪುಡಿಯನ್ನು ಸಣ್ಣ ಕೊಳವೆಯಲ್ಲಿ ತುಂಬಿ, ಅದರ ಮೂಲಕ ದ್ರಾವಣವನ್ನೂ ಜಲಜನಕವನ್ನೂ ಹಾಯಿಸುತ್ತಾರೆ. ಲೋಹವು ಕ್ರಿಯೆಯನ್ನು ಚುರುಕುಗೊಳಿಸಿ ತಾನು ಅಲ್ಲಿಯೇ ಉಳಿಯುತ್ತದೆ. ಹಂಗೆರಿಯಲ್ಲಿ ತಯಾರಾದ 'ಎಚ್-ಕ್ಯೂಬ್' ಎಂಬ ಮೇಜಿನ ಮೇಲಿನ ಯಂತ್ರವು ಬೇಕಾದ ಜಲಜನಕವನ್ನು ನೀರಿನಿಂದ ಆಗಿಂದಾಗ್ಗೆ ತಾನೇ ಮಾಡಿಕೊಳ್ಳುತ್ತದೆ. ಬೆಂಕಿಗೆ ಅಂಜಿಸುವ ಅನಿಲದ ಸಿಲಿಂಡರನ್ನು ಪ್ರಯೋಗಶಾಲೆಯಲ್ಲಿ ಇಡಬೇಕಾದ ಗೋಜಿಲ್ಲ.

ಬೆಳಕಿನಿಂದ ನಡೆಯಬೇಕಾದ ಕ್ರಿಯೆಗಳಿಗೂ ಈ ನಳಿಕೆ ವರವಾಗಿದೆ. ಬಣ್ಣದ ದ್ರವದೊಳಕ್ಕೆ ಬೆಳಕು ಹೆಚ್ಚು ಆಳ ಇಳಿಯಲಾರದು. ದೊಡ್ಡ ಪಾತ್ರೆಯ ನಡುಭಾಗ ಕತ್ತಲೆಯಲ್ಲಿಯೇ ಉಳಿಯುತ್ತದೆ. ಪಾರದರ್ಶಕವಾದ ಸಣ್ಣ ನಳಿಕೆಯನ್ನು ದೀಪದ ಸುತ್ತ ಸುತ್ತಿದರೆ ಪ್ರತಿ ಹನಿಗೂ ಬೆಳಕು ತಾಕುತ್ತದೆ. 2012ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪೀಟರ್ ಜೇಬರ್ಗರ್ ಮತ್ತು ಫ್ರಾಂಸ್ವಾ ಲೆವೆಕ್ ಅವರು ಮಲೇರಿಯಾಕ್ಕೆ ಔಷಧವಾದ ಆರ್ಟಿಮಿಸಿನಿನ್ನನ್ನು ಹೀಗೆ ಬೆಳಕು ಮತ್ತು ಆಮ್ಲಜನಕಗಳ ನೆರವಿನಿಂದ ಹರಿವಿನಲ್ಲಿಯೇ ತಯಾರಿಸಿ ತೋರಿಸಿದರು. 2016ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನಿಗಳು ರೆಫ್ರಿಜರೇಟರಿನಷ್ಟು ಗಾತ್ರದ ಒಂದು ಯಂತ್ರದಲ್ಲಿ ನಾಲ್ಕು ಬೇರೆ ಬೇರೆ ಔಷಧಗಳನ್ನು ತಯಾರಿಸಿದರು. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವು ಈ ವಿದ್ಯೆಯ ಪ್ರಮುಖ ಕೇಂದ್ರ. ಅಲ್ಲಿ ಇಂಥ ಉಪಕರಣಗಳನ್ನು ರೂಪಿಸಿರುವ ಅಮೋಲ್ ಕುಲಕರ್ಣಿಯವರಿಗೆ 2020ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿತು.

ಸಂಶೋಧಕನಿಗೆ ಇನ್ನೊಂದು ಲಾಭವೂ ಉಂಟು. ಉಷ್ಣತೆಯನ್ನೊ ವೇಗವನ್ನೊ ಬದಲಾಯಿಸಬೇಕಾದರೆ ಪಾತ್ರೆ ತೊಳೆದು ಹೊಸದಾಗಿ ಹೂಡಬೇಕಾಗಿಲ್ಲ. ಗುಂಡಿಯೊಂದನ್ನು ತಿರುಗಿಸಿ ಸ್ವಲ್ಪ ಹೊತ್ತು ಕಾದರಾಯಿತು. ದಿನಕ್ಕೊಂದು ಪರೀಕ್ಷೆ ಮಾಡುತ್ತಿದ್ದವನು ಹತ್ತು ಮಾಡಬಲ್ಲ. ಒಂದೊಂದಕ್ಕೂ ವ್ಯಯವಾಗುವ ಪದಾರ್ಥವೂ ಕೊಂಚವೇ.

ಎಲ್ಲಕ್ಕೂ ಮದ್ದಲ್ಲ

ಆದರೆ ಇದನ್ನು ಸಂಜೀವಿನಿಯೆಂದು ಹೊಗಳುವುದು ತಪ್ಪಾದೀತು. ಕ್ರಿಯೆಯ ನಡುವೆ ದ್ರವದಲ್ಲಿ ಹರಳುಗಳು ಹುಟ್ಟಿದರೆ ನಳಿಕೆ ಕಟ್ಟಿಕೊಳ್ಳುತ್ತದೆ, ಒತ್ತಡ ಏರುತ್ತದೆ, ಎಲ್ಲವನ್ನೂ ನಿಲ್ಲಿಸಿ ಬಿಚ್ಚಬೇಕು. ದಿನಗಟ್ಟಲೆ ನಿಧಾನವಾಗಿ ಆಗುವ ಕ್ರಿಯೆಗೆ ಪಾತ್ರೆಯೇ ಮೇಲು. ನಿಖರವಾದ ಪಂಪುಗಳು ಅಗ್ಗವಲ್ಲ. ಪಾತ್ರೆಗಳಿಗಾಗಿ ಹಣ ಸುರಿದಿರುವ ಕಾರ್ಖಾನೆಗಳು ಅವನ್ನು ಒಂದೇ ದಿನ ಗುಜರಿಗೆ ಹಾಕುವುದೂ ಇಲ್ಲ. ಹರಿಯುತ್ತಲೇ ತಯಾರಾಗುವ ಔಷಧವನ್ನು ಪರೀಕ್ಷಿಸುವುದು ಹೇಗೆಂಬ ಬಗ್ಗೆ ಹಲವು ದೇಶಗಳು ಒಪ್ಪಿದ ಮಾರ್ಗಸೂಚಿ ಹೊರಬಂದುದೇ 2022ರ ನವೆಂಬರಿನಲ್ಲಿ. ಎಲ್ಲಕ್ಕಿಂತ ಮಿಗಿಲಾಗಿ ಕಲಿತ ಕೈಗಳು ಬೇಕು. ಪದವಿ ಮುಗಿಸುವವರೆಗೆ ಫ್ಲಾಸ್ಕನ್ನಲ್ಲದೆ ಬೇರೇನನ್ನೂ ಮುಟ್ಟದ ವಿದ್ಯಾರ್ಥಿಗೆ ಹರಿವಿನಲ್ಲಿ ಆಲೋಚಿಸುವುದು ಒಮ್ಮೆಗೇ ಬರುವುದಿಲ್ಲ. ಸಿರಿಂಜನ್ನು ಒತ್ತುವ ಎರಡು ಪಂಪುಗಳೂ ಕೆಲವು ಮೀಟರು ನಳಿಕೆಯೂ ಇದ್ದರೆ ಕಾಲೇಜಿನಲ್ಲಿಯೂ ಮೊದಲ ಪಾಠವನ್ನು ಹೇಳಿಕೊಡಬಹುದು.

ಆ ಪಾಠ ನಂಜನಗೂಡಿಗೂ ನರಸೀಪುರಕ್ಕೂ ಹೊರಗಿನ ಮಾತಲ್ಲ. ಮೇಲಿನ ಊರಿನಲ್ಲಿ ಕಪಿಲೆಗೆ ಸೇರಿದ್ದು ಕೆಳಗಿನ ಊರಿನ ಸಂಗಮಕ್ಕೆ ಬಂದೇ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪಟ್ಟಿ ಮಾಡಿದ ಕರ್ನಾಟಕದ ಮಲಿನಗೊಂಡ 17 ನದೀಭಾಗಗಳಲ್ಲಿ ಕಬಿನಿಯದೂ ಒಂದು. ಅದಕ್ಕೆ ಹರಿವಿನ ರಸಾಯನವೊಂದೇ ಪರಿಹಾರವಲ್ಲ. ಊರಿನ ಚರಂಡಿಯ ನೀರನ್ನು ಯಾವ ನಳಿಕೆಯ ಸುರುಳಿಯೂ ಶುದ್ಧಮಾಡದು. ಆದರೆ ಕ್ರಿಯೆ ಹದವಾಗಿ ನಡೆದರೆ ಬೇಡದ ಪದಾರ್ಥ ಕಡಿಮೆ ಹುಟ್ಟುತ್ತದೆ. ಹುಟ್ಟದೆ ಇದ್ದುದನ್ನು ಹೊಳೆಗೆ ಬಿಡದಂತೆ ಕಾಯಬೇಕಾಗಿಯೂ ಇಲ್ಲ.

ಹಾಲಾಹಲವು ಶಿವನ ಹೊಟ್ಟೆಗೂ ಇಳಿಯಲಿಲ್ಲ, ಹೊರಕ್ಕೂ ಚೆಲ್ಲಲಿಲ್ಲ. ಕೊರಳಿನಲ್ಲಿಯೇ ನಿಂತಿತೆಂದು ಪುರಾಣ ಹೇಳುತ್ತದೆ. ಮನುಷ್ಯರಿಗೆ ಆ ಶಕ್ತಿಯಿಲ್ಲ. ನಂಜಿಲ್ಲದೆ ಮದ್ದು ಮಾಡಲು ಅವರಿನ್ನೂ ಪೂರ್ತಿ ಕಲಿತಿಲ್ಲ. ಒಂದು ಮಿಲಿಮೀಟರು ಅಗಲದ ಕೊರಳಿನಲ್ಲಿ, ಹತ್ತೇ ಮಿಲಿಲೀಟರಿನಷ್ಟನ್ನು, ಹತ್ತೇ ನಿಮಿಷ ಹಿಡಿದಿಟ್ಟು ಮದ್ದಾಗಿಸುವಷ್ಟನ್ನು ಮಾತ್ರ ಕಲಿತಿದ್ದಾರೆ. ಕಾರ್ಖಾನೆಯ ರಾತ್ರಿಪಾಳಿಗೆ ಮಗನನ್ನು ಕಳುಹಿಸಿ ಬಾಗಿಲ ಬಳಿ ಕಾಯುವ ತಾಯಿಗೆ ಅಷ್ಟು ಕಲಿತದ್ದೂ ಸಣ್ಣ ಮಾತಲ್ಲ.