ಹಳೇ ಅಂಬಾಸಿಡರ್‌ಗೆ ಹೊಸ ದಮ್ಮು: ಪ್ರಯೋಗ ಬೇಕು, ರಸ್ತೆ ಮೇಲೆ ಬೇಡ

ಮೊಬೈಲ್‌ನಲ್ಲಿ ‘ಎಲೆಕ್ಟ್ರಿಕ್ ಸೂಪರ್‌ಚಾರ್ಜರ್’ ಎಂದು ಹುಡುಕಿ ನೋಡಿ. 12 ವೋಲ್ಟ್‌ನ ಪುಟ್ಟ ಫ್ಯಾನ್‌ಗಳ ಸಾಲೇ ಬರುತ್ತದೆ. ಏರ್ ಫಿಲ್ಟರ್ ಪೈಪಿಗೆ ಜೋಡಿಸಿದರೆ ಸಾಕು, ಹಳೇ ಕಾರು ಕುದುರೆಯಂತೆ ಓಡುತ್ತದೆ ಎಂಬ ಜಾಹೀರಾತು ಬೇರೆ. ಮನೆಯಲ್ಲೇ ಬ್ಲೋವರ್ ಮೋಟರ್‌ನಿಂದ ಇದನ್ನು ಮಾಡಿ ತೋರಿಸುವ ವಿಡಿಯೊಗಳೂ ಇವೆ. ಬನಹಟ್ಟಿಯಂಥ ಊರಲ್ಲಿ ಇಂಥದ್ದನ್ನು ನೋಡಿದವರು ಸುಮ್ಮನೆ ಕೂರುವುದಿಲ್ಲ. ಮಗ್ಗದ ಮೋಟರ್ ಸುಟ್ಟರೆ ಕಾಯಿಲ್ ಸುತ್ತುವವರು, ಮುರಿದ ಭಾಗವನ್ನು ಲೇಥ್‌ನಲ್ಲಿ ಹೊಸದಾಗಿ ಕಡೆದು ಕೊಡುವವರು ನಮ್ಮ ಓಣಿಗಳಲ್ಲೇ ಇದ್ದಾರೆ. ಆ ಕೈಗಳ ಮೇಲೆ ನಮಗೆ ಅಭಿಮಾನವಿದೆ. ಅದಕ್ಕೇ ಈ ಮಾತು: ಆ ಫ್ಯಾನ್ ಕೊಳ್ಳಬೇಡಿ. ಮಾಡುವುದಿದ್ದರೆ ಲೆಕ್ಕ ಹಾಕಿ ಮಾಡಿ, ಅದೂ ರಸ್ತೆಗಿಳಿಯುವ ಕಾರಿನ ಮೇಲೆ ಬೇಡ.

ಲೆಕ್ಕ ಕಷ್ಟದ್ದೇನಲ್ಲ. ಇಂಜಿನ್ ಒಳಗೆ ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಶಕ್ತಿ ಹೆಚ್ಚುತ್ತದೆ. ಮಾಮೂಲಿ ಸೂಪರ್‌ಚಾರ್ಜರ್ ಇಂಜಿನ್ನಿನ ಬೆಲ್ಟ್‌ನಿಂದ ತಿರುಗುತ್ತದೆ, ಟರ್ಬೊ ಹೊಗೆಯ ರಭಸದಿಂದ. ಎಲೆಕ್ಟ್ರಿಕ್‌ನಲ್ಲಿ ಆ ಕೆಲಸ ಮೋಟರ್‌ನದು. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ 4500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 2,700 ಲೀಟರ್ ಗಾಳಿ ಎಳೆಯುತ್ತದೆ. ಅದನ್ನು ಬರೀ 0.3 ಬಾರ್‌ನಷ್ಟು ಒತ್ತಿ ಕಳಿಸಲು ಹತ್ತಿರ ಹತ್ತಿರ 3 ಕಿಲೋವ್ಯಾಟ್, ಅಂದರೆ 4 ಎಚ್‌ಪಿ ಬೇಕು. ಒಂದು ಮಗ್ಗಕ್ಕೆ ಒಂದು ಎಚ್‌ಪಿ ಎಂದು ಹಿಡಿದರೂ ನಾಲ್ಕು ಪಾವರ್‌ಲೂಮ್ ನಡೆಸುವ ಶಕ್ತಿ ಅದು. 12 ವೋಲ್ಟ್‌ನಲ್ಲಿ ಅದಕ್ಕೆ 250 ಆಂಪಿಯರ್ ಹರಿಯಬೇಕು. ಹಳೇ ಕಾರಿನ ಡೈನಮೊ ಕೊಡುವುದು ಇಪ್ಪತ್ತರ ಆಸುಪಾಸು. ಇನ್ನು ಐದಾರು ಆಂಪಿಯರ್ ಎಳೆಯುವ ಫ್ಯಾನ್ ಎಂದರೆ 60-70 ವ್ಯಾಟ್ ಅಷ್ಟೇ. ಇಂಜಿನ್ ಜೋರಾಗಿ ಎಳೆಯುವಾಗ ಅದು ಗಾಳಿ ತುಂಬುವ ಬದಲು ಗಾಳಿಯ ದಾರಿಗೇ ಅಡ್ಡ ನಿಲ್ಲುತ್ತದೆ.

ಹಾಗಂತ ಇದು ಆಗದ ಕೆಲಸವಲ್ಲ. 2016ರಲ್ಲಿ ಆಡಿ ಕಂಪನಿ ತನ್ನ ಎಸ್‌ಕ್ಯೂ7 ಡೀಸೆಲ್ ಕಾರಿಗೆ ಎಲೆಕ್ಟ್ರಿಕ್ ಕಂಪ್ರೆಸರ್ ಕೂರಿಸಿತು. ಅದಕ್ಕೆ 48 ವೋಲ್ಟ್‌ನ ಬೇರೆಯೇ ವ್ಯವಸ್ಥೆ, 7 ಕಿಲೋವ್ಯಾಟ್ ಶಕ್ತಿ. ಬೇರೆ ಬ್ಯಾಟರಿ, ದಪ್ಪ ಕೇಬಲ್, ಫ್ಯೂಸ್, ಸರಿಯಾದ ಕಂಪ್ರೆಸರ್ ಇದ್ದರೆ ಗ್ಯಾರೇಜ್‌ನಲ್ಲೂ ಮಾಡಬಹುದು. ಆದರೆ ಅಪಾಯ ಇರುವುದೂ ಅಲ್ಲೇ. ಕಾರ್ಬ್ಯುರೇಟರ್‌ಗೆ ಒತ್ತಡದ ಗಾಳಿ ಕೊಟ್ಟು ಪೆಟ್ರೋಲ್ ಒತ್ತಡ ಹೊಂದಿಸದಿದ್ದರೆ ಮಿಶ್ರಣ ತೆಳುವಾಗಿ ಇಂಜಿನ್ ಬಡಿದುಕೊಳ್ಳುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಪಿಸ್ಟನ್ ಕರಗಿದರೂ ಆಶ್ಚರ್ಯವಿಲ್ಲ. ಪೆಟ್ರೋಲ್ ಸೋರುವ ಜಾಗದ ಪಕ್ಕದಲ್ಲೇ ನೂರಾರು ಆಂಪಿಯರ್‌ನ ವೈರ್ ಬಿಸಿಯಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕಾನೂನು ಇನ್ನೂ ಗಟ್ಟಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. 50 ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಬೇಕೆಂದರೂ ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಜ್ಜನ ಕಾಲದ ಕಾರಿಗೆ ಹತ್ತು ಎಚ್‌ಪಿ ಸೇರಿಸಲು ಹೋಗಿ ಆ ಮಾನ್ಯತೆಯನ್ನೇ ಕಳೆದುಕೊಳ್ಳುವುದು ಯಾವ ಲಾಭ?

ಕಾನೂನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. ಎದುರಿಗೆ ಬರುವ ಬೈಕ್ ಸವಾರ, ಕಬ್ಬಿನ ಟ್ರ್ಯಾಕ್ಟರ್‌ನವರು ನಮ್ಮ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಆದರೆ ‘ಮಾಡಬೇಡ’ ಎನ್ನುವ ವ್ಯವಸ್ಥೆ ‘ಎಲ್ಲಿ ಮಾಡಲಿ’ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಕಾರನ್ನು ಪೂರ್ತಿ ಎಲೆಕ್ಟ್ರಿಕ್ ಮಾಡುವ ಕಿಟ್‌ಗಳಿಗೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ, ಮಂಜೂರಾತಿ ಉಂಟು. ಅದು ಕಿಟ್ ತಯಾರಿಸುವ ಕಂಪನಿಗಳಿಗೆ ತೆರೆದ ಬಾಗಿಲು. ಬನಹಟ್ಟಿಯ ಗ್ಯಾರೇಜ್ ಹುಡುಗ ಅದನ್ನು ಹೇಗೆ ತಟ್ಟಬೇಕು? ಬಾಗಿಲೇ ಇಲ್ಲದಿದ್ದರೆ ಅವನು ರಾತ್ರಿ ಹೊತ್ತು ಜಮಖಂಡಿ ರಸ್ತೆಯಲ್ಲೇ ಓಡಿಸಿ ನೋಡುತ್ತಾನೆ.

ಬಾಗಲಕೋಟೆ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಮೆಕ್ಯಾನಿಕಲ್ ವಿಭಾಗ ಎಂದ ಮೇಲೆ ಇಂಜಿನ್ ಪರೀಕ್ಷಿಸುವ ಲ್ಯಾಬ್ ಇದ್ದೇ ಇರುತ್ತದೆ. ತಿಂಗಳಿಗೊಂದು ದಿನ ಅವನ್ನು ಗ್ಯಾರೇಜ್ ಕೆಲಸಗಾರರಿಗೆ ತೆರೆಯಲಿ. ಸ್ಟ್ಯಾಂಡ್ ಮೇಲೆ ಕೂರಿಸಿದ ಹಳೇ ಇಂಜಿನ್, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಒತ್ತಡ ಮತ್ತು ಬಿಸಿ ಅಳೆಯುವ ಮೀಟರ್, ಹೇಳಿಕೊಡುವ ಒಬ್ಬ ಮೇಷ್ಟ್ರು ಇದ್ದರೆ ಶುರು ಮಾಡಬಹುದು. ಯಾವ ಬದಲಾವಣೆಗೆ ಅನುಮತಿ ಇದೆ, ಯಾವುದಕ್ಕಿಲ್ಲ ಎಂಬುದನ್ನು ಜಮಖಂಡಿಯ ಸಾರಿಗೆ ಕಚೇರಿ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಗ್ಯಾರೇಜ್‌ಗಳಿಗೆ ಹಂಚಲಿ.

ಮೋಟರ್ ಎಷ್ಟು ಬಿಸಿಯಾದರೆ ಸುಡುತ್ತದೆ ಎಂದು ಕೈಯಿಟ್ಟು ಹೇಳಬಲ್ಲವರು ಈ ಊರಲ್ಲಿದ್ದಾರೆ. ಅವರಿಗೆ ಬೇಕಾದದ್ದು ಜಾಹೀರಾತಿನ ಫ್ಯಾನ್ ಅಲ್ಲ, ಒಂದು ಟೆಸ್ಟ್ ಬೆಂಚು.