ಎರಡನೇ ಕಂಪ್ಯೂಟರ್ ಏನು ಹೇಳುತ್ತೆ?

ಇವತ್ತಿನ ಸಂಚಿಕೆಯಲ್ಲಿ ಜೀವಕೋಶ ಇಲ್ಲ, ಡಿಎನ್‌ಎ ಇಲ್ಲ. ಇರೋದು ಒಂದೇ ಒಂದು ಸಂಖ್ಯೆ. ಅದರ ನೆಪದಲ್ಲಿ ನಮ್ಮ ಜೀವವಿಜ್ಞಾನದ ಮೇಲೇ ಒಂದು ದೂರು.

13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಿಂದ 1 ಕಳೆಯಿರಿ. ಸಿಗುವ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಬೈನರಿಯಲ್ಲಿ ಬರೆದರೆ ಬರೀ ಒಂದುಗಳ ಸಾಲು. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯೂ ಇದನ್ನು ಶೇಷವಿಲ್ಲದೆ ಭಾಗಿಸದು. ಅಂದರೆ ಇದು ಅವಿಭಾಜ್ಯ ಸಂಖ್ಯೆ. 2024ರ ಅಕ್ಟೋಬರ್‌ನಲ್ಲಿ ಸಿಕ್ಕಾಗ, ಗೊತ್ತಿದ್ದವುಗಳಲ್ಲೆಲ್ಲ ಇದೇ ದೊಡ್ಡದು.

ಇಷ್ಟು ದೊಡ್ಡದನ್ನು ಪರೀಕ್ಷಿಸೋದು ಹೇಗೆ? ಚಿಕ್ಕ ತಮ್ಮ 31ರಲ್ಲಿ ನೋಡೋಣ. ಕಾಗದ ತಗೊಳ್ಳಿ, ಕಾರು ಓಡಿಸ್ತಾ ಇದ್ದರೆ ಬೇಡ! 31 ಅಂದರೆ ಐದು ಎರಡುಗಳ ಗುಣಲಬ್ಧದಲ್ಲಿ 1 ಕಡಿಮೆ. 4ರಿಂದ ಶುರು. ವರ್ಗ ಮಾಡಿ 2 ಕಳೆದರೆ 14. ಮತ್ತೆ ಹಾಗೇ ಮಾಡಿದರೆ 194; 31ರಿಂದ ಭಾಗಿಸಿದಾಗ ಶೇಷ 8. ಮತ್ತೊಮ್ಮೆ, 62; ಶೇಷ ಸೊನ್ನೆ. ಸೊನ್ನೆ ಬಂತು, ಆದ್ದರಿಂದ 31 ಅವಿಭಾಜ್ಯ. ಇದೇ ಲ್ಯೂಕಾ-ಲೆಹ್ಮರ್ ಪರೀಕ್ಷೆ. 31ಕ್ಕೆ ಮೂರು ಹೆಜ್ಜೆ ಸಾಕು. ನಮ್ಮ ಸಂಖ್ಯೆಗೆ 13 ಕೋಟಿಗೂ ಹೆಚ್ಚು ಹೆಜ್ಜೆ. ನಡುವೆ ಒಂದು ಕಡೆ ಎಡವಿದರೂ ಮುಂದಿನದ್ದೆಲ್ಲ ಹಾಳು.

ಅದಕ್ಕೇ ಇದನ್ನು ಹುಡುಕಿದ 'ಗಿಂಪ್ಸ್' ಎಂಬ ಸ್ವಯಂಸೇವಕರ ಯೋಜನೆ ಮೊದಲ ಉತ್ತರವನ್ನೇ ನಂಬಿ ಘೋಷಿಸಲಿಲ್ಲ. ಡಬ್ಲಿನ್‌ನ ಒಂದು ಯಂತ್ರ 'ಬಹುಶಃ ಅವಿಭಾಜ್ಯ' ಅಂದಿತು. ಮರುದಿನ ಟೆಕ್ಸಾಸ್‌ನ ಇನ್ನೊಂದು ಯಂತ್ರ ಲ್ಯೂಕಾ-ಲೆಹ್ಮರ್‌ನಿಂದ ಖಚಿತಪಡಿಸಿತು. ಆಮೇಲೆ ಬೇರೆ ಬೇರೆ ಯಂತ್ರ, ಬೇರೆ ಬೇರೆ ತಂತ್ರಾಂಶಗಳಲ್ಲೂ ಲೆಕ್ಕ ಹಾಕಿದ ಮೇಲೆಯೇ ಪ್ರಕಟಣೆ.

ಇಂಥ ಎಚ್ಚರ ಸುಮ್ಮನೆ ಬಂದದ್ದಲ್ಲ. 1644ರಲ್ಲಿ ಫ್ರಾನ್ಸ್‌ನ ಮರ್ಸೆನ್, 67 ಎರಡುಗಳ ಗುಣಲಬ್ಧದಲ್ಲಿ 1 ಕಳೆದರೆ ಬರುವ ಸಂಖ್ಯೆಯೂ ಅವಿಭಾಜ್ಯ ಎಂದಿದ್ದರು. ಅದು ತಪ್ಪು ಅಂತ ಲ್ಯೂಕಾ ತೋರಿಸಿದ್ದು 1876ರಲ್ಲಿ. 1903ರಲ್ಲಿ ಅಮೆರಿಕದ ಕೋಲ್ ಅದರ ಅಪವರ್ತನಗಳನ್ನೇ ಮುಂದಿಟ್ಟರು: 193707721 ಮತ್ತು 761838257287.

ಈಗ ದೂರು. ನಮ್ಮ ಲ್ಯಾಬ್‌ನಲ್ಲಿ ಒಮ್ಮೆ ಬೇರೊಂದು ತಂಡದ ಪ್ರಯೋಗವನ್ನು ತಿಂಗಳುಗಟ್ಟಲೆ ಮತ್ತೆ ಮಾಡಿ ನೋಡಿದೆವು. ಅವರ ಫಲಿತಾಂಶ ನಮಗೆ ಬರಲಿಲ್ಲ. ತಪ್ಪು ಅವರದೋ ನಮ್ಮದೋ, ಇವತ್ತಿಗೂ ಇತ್ಯರ್ಥವಾಗಿಲ್ಲ. 'ಇದರಲ್ಲಿ ಹೊಸತೇನಿದೆ?' ಅನ್ನೋ ಪ್ರಶ್ನೆ ಎದುರಾಯಿತು. ಆ ಕೆಲಸ ನೋಟ್‌ಬುಕ್ಕಿನಲ್ಲೇ ಉಳಿಯಿತು. ನಮ್ಮ ಹಾಗೇ ಇನ್ನೆಷ್ಟು ವಿದ್ಯಾರ್ಥಿಗಳು ಅದೇ ಪ್ರಯೋಗಕ್ಕೆ ಮತ್ತೆ ತಲೆ ಕೊಡ್ತಾರೋ!

ಗಣಿತಕ್ಕೂ ಜೀವಕೋಶಕ್ಕೂ ಹೋಲಿಕೆ ಯಾಕೆ ಅಂತ ಕೇಳಬಹುದು. ನಿಜ, ಕೋಶಗಳು ದಿನಕ್ಕೊಂದು ಥರ ವರ್ತಿಸುತ್ತವೆ. ಹಾಗಿದ್ದ ಮೇಲೆ ಮರುಪರೀಕ್ಷೆ ನಮಗೇ ಅಲ್ಲವೇ ಹೆಚ್ಚು ಬೇಕಾಗಿರೋದು? ಈ ಸಂಖ್ಯೆ ತಪ್ಪಾದರೆ ಯಾರ ಆರೋಗ್ಯವೂ ಕೆಡೋದಿಲ್ಲ. ಬ್ಯಾಂಕಿನ ಗೂಢಲಿಪಿಗೂ ಇಷ್ಟು ದೊಡ್ಡದು ಬೇಡ. ನಮ್ಮ ಫಲಿತಾಂಶಗಳ ಮೇಲೆ ಔಷಧಿಗಳ ಹುಡುಕಾಟ ನಿಂತಿದೆ.

ನಾವು ಕೇಳೋದಿಷ್ಟೇ: ಮತ್ತೆ ಮಾಡಿ ನೋಡುವ ಕೆಲಸಕ್ಕೂ ಅನುದಾನ ಸಿಗಲಿ, ಪತ್ರಿಕೆಗಳಲ್ಲಿ ಜಾಗ ಸಿಗಲಿ, ಪಿಎಚ್‌.ಡಿ.ಯಲ್ಲಿ ಒಂದು ಅಧ್ಯಾಯವಾಗಿ ಮರ್ಯಾದೆ ಸಿಗಲಿ. ಮುಂದಿನ ಸಲ 'ವಿಜ್ಞಾನಿಗಳು ಕಂಡುಹಿಡಿದರು' ಅನ್ನೋ ಸುದ್ದಿ ವಾಟ್ಸಾಪ್‌ನಲ್ಲಿ ಬಂದಾಗ, ನೀವೂ ಒಂದು ಪ್ರಶ್ನೆ ಕೇಳಿ: ಎರಡನೆಯವರು ಮಾಡಿ ನೋಡಿದ್ದಾರಾ?